ಪದ್ಮಿನಿಗೆ ಏಸಿ ಹಾಕುವ ಮೊದಲು ಡೈನಮೋ ನೋಡಿ
ಕಳೆದ ಏಪ್ರಿಲ್‌ನಲ್ಲಿ ಉಡುಪಿಯಿಂದ ಒಬ್ಬರು ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿ ತಂದರು. ಬಣ್ಣ, ಕ್ರೋಮ್, ಸೀಟು ಎಲ್ಲವನ್ನೂ ಪ್ರೀತಿಯಿಂದ ಉಳಿಸಿಕೊಂಡಿದ್ದರು. "ಅಮ್ಮನಿಗೆ ಕಟೀಲಿಗೆ ಇದರಲ್ಲೇ ಹೋಗಬೇಕು. ಸೆಕೆಗೆ ಪಾಪ, ಸುಸ್ತಾಗಿ ಬಿಡ್ತಾರೆ. ಒಂದು ಏಸಿ ಹಾಕಿ ಕೊಡಿ ಮಾರಾಯ್ರೇ" ಎಂದರು. ಬಾನೆಟ್ ತೆಗೆದು ನಾನು ಮೊದಲು ನೋಡಿದ್ದು ಎಂಜಿನ್‌ನಿಂದ ತಿರುಗಿ ಕರೆಂಟ್ ಮಾಡುವ ಡೈನಮೋವನ್ನು.

ಏಸಿ ಅಂದ ಕೂಡಲೇ ಎಲ್ಲರೂ ಗ್ಯಾಸ್ ಒತ್ತುವ ಕಂಪ್ರೆಸರ್ ಯಾವುದು ಎಂದು ಕೇಳುತ್ತಾರೆ. ಅದು ಹೇಗೂ ಸಿಗುತ್ತದೆ. ಹಳೆ ಕಾರಿನ ಏಸಿ ಸೋಲುವುದು ಕರೆಂಟಿನಲ್ಲಿ. ಗಾಳಿ ಊದುವ ಬ್ಲೋವರ್, ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್‌ನ ಫ್ಯಾನ್, ಕಂಪ್ರೆಸರನ್ನು ಎಂಜಿನ್‌ಗೆ ಜೋಡಿಸುವ ಕ್ಲಚ್ ಮೂರೂ ಸೇರಿ ಸುಮಾರು 20 ಆಂಪಿಯರ್ ಎಳೆಯುತ್ತವೆ. ಡೈನಮೋ ಕಾರು ಓಡುವಾಗಲೇ ಅಷ್ಟು ಕೊಡಲು ತಿಣುಕುತ್ತದೆ. ಐಡಲ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಎಂಜಿನ್ ಓಡುವಾಗ, ಕೊಡುವುದು ಹೆಚ್ಚುಕಡಿಮೆ ಏನೂ ಇಲ್ಲ. ಮೊದಮೊದಲು ನಾನು ಇದನ್ನು ಕಡೆಗಣಿಸಿ ಒಂದು ಕಾರಿಗೆ ಏಸಿ ಕೂರಿಸಿದ್ದೆ. ಮಳೆಗಾಲದ ರಾತ್ರಿ ಕೂಳೂರು ಸೇತುವೆ ಹತ್ತಿರ ಜಾಮ್‌ನಲ್ಲಿ ಹೆಡ್‌ಲೈಟ್ ಮಂಕಾಗಿ, ವೈಪರ್ ನಿಧಾನವಾಗಿ, ಕೊನೆಗೆ ಬ್ಯಾಟರಿಯೇ ಕೈಕೊಟ್ಟಿತು. ಒಳಗೆ ಮಕ್ಕಳಿದ್ದರು. ಆ ಕೆಲಸಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಈಗ ಡೈನಮೋ ಬದಲು, ಐಡಲ್‌ನಲ್ಲೂ ಕರೆಂಟ್ ಕೊಡುವ 55ರಿಂದ 65 ಆಂಪಿಯರ್‌ನ ಆಲ್ಟರ್ನೇಟರ್ ಹಾಕದೆ, ಏಸಿಗೆ ಬೇರೆಯೇ ವೈರು, ಫ್ಯೂಸು, ರಿಲೇ ಕೊಡದೆ ನಾನು ಕೆಲಸ ಶುರು ಮಾಡುವುದಿಲ್ಲ.

ಇನ್ನು ಎಂಜಿನ್. 1089 ಸಿಸಿ, ಸುಮಾರು 40 ಹಾರ್ಸ್‌ಪವರ್. ಅದರಲ್ಲಿ ಮೂರು ನಾಲ್ಕನ್ನು ಕಂಪ್ರೆಸರ್ ತಿನ್ನುತ್ತದೆ. ಹಾಗಾಗಿ ದೊಡ್ಡ ಕಂಪ್ರೆಸರ್ ಬೇಡ. ಏಸಿ ಆನ್ ಆದಾಗ ಐಡಲ್ ತಾನಾಗಿ ಏರುವ ವ್ಯವಸ್ಥೆ ಬೇಕು. ಚಾರ್ಮಾಡಿ ಹತ್ತುವಾಗ ಏಸಿ ಆಫ್ ಮಾಡಿ. ರೇಡಿಯೇಟರ್ ಮುಂದೆ ಕಂಡೆನ್ಸರ್ ಬಂದರೆ ರೇಡಿಯೇಟರ್‌ಗೆ ಗಾಳಿ ಬಿಸಿಯಾಗಿಯೇ ಸಿಗುತ್ತದೆ. ಅದಕ್ಕೆ ಮೊದಲೇ ರೇಡಿಯೇಟರ್ ಬಿಚ್ಚಿ ಒಳಗಿನ ಪಾಚಿ, ತುಕ್ಕು ತೆಗೆಸಿ.

ನಮ್ಮ ಕರಾವಳಿಯ ವಿಷಯವೇ ಬೇರೆ. ಇಲ್ಲಿ 33 ಡಿಗ್ರಿ ಇದ್ದರೂ ಜೀವ ಹೋದ ಹಾಗಾಗುವುದು ಗಾಳಿಯಲ್ಲಿರುವ ನೀರಿನಿಂದ. ಏಸಿಯ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿ ತಣ್ಣಗೆ ಮಾಡುವುದಕ್ಕಲ್ಲ, ಆ ಆವಿಯನ್ನು ನೀರು ಮಾಡುವುದಕ್ಕೇ ಖರ್ಚಾಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ, ಮುಂದಿನ ತ್ರಿಕೋನ ಗಾಜು ಸರಿಯಾಗಿ ಮುಚ್ಚದಿದ್ದರೆ ಹೊರಗಿನ ಒದ್ದೆ ಗಾಳಿ ಬರುತ್ತಲೇ ಇರುತ್ತದೆ. ಎಷ್ಟು ಗ್ಯಾಸ್ ತುಂಬಿಸಿದರೂ ಪ್ರಯೋಜನವಿಲ್ಲ. ಬೀಡಿಂಗ್ ಹೊಸದು ಹಾಕಿಸಿ.

ಹೀಗೆ ಕೂಲಿಂಗ್ ಕಾಯಿಲ್‌ನಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ? ಡ್ರೈನ್ ಪೈಪ್ ಇಳಿಜಾರಾಗಿರದಿದ್ದರೆ ಮ್ಯಾಟ್ ಕೆಳಗೆ. ನೀವು ಗಮನಿಸುವ ಹೊತ್ತಿಗೆ ಫ್ಲೋರ್ ತುಕ್ಕು ಹಿಡಿದಿರುತ್ತದೆ. ಏಸಿಗೆ ಅಂತ ತಂದ ಕಾರು ಟಿಂಕರಿಂಗ್‌ಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಿಂಗಳಿಗೊಮ್ಮೆ ಏಸಿ ಹಾಕಿಟ್ಟು, ಕಾರಿನಡಿಯಲ್ಲಿ ನೀರು ತೊಟ್ಟಿಕ್ಕುತ್ತದೆಯೇ ನೋಡಿ. ತೊಟ್ಟಿಕ್ಕದಿದ್ದರೆ ನೀರು ಒಳಗಿದೆ ಅಂತ ಅರ್ಥ. ಕಾಯಿಲ್‌ನ ಥರ್ಮೋಸ್ಟಾಟ್ ಎರಡು ಮೂರು ಡಿಗ್ರಿಗೆ ಕಟ್ ಆಗುವಂತೆ ಇಡಬೇಕು. ಇಲ್ಲವಾದರೆ ಇಲ್ಲಿಯ ತೇವಕ್ಕೆ ಅದರ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯೇ ನಿಲ್ಲುತ್ತದೆ. ಮಲ್ಪೆ, ಪಣಂಬೂರು ಕಡೆ ಮನೆಯಿರುವವರು ಕಂಡೆನ್ಸರ್‌ನ ಉಪ್ಪನ್ನು ಆಗಾಗ ಸಿಹಿನೀರಿನಲ್ಲಿ, ಜಾಸ್ತಿ ಒತ್ತಡವಿಲ್ಲದೆ ತೊಳೆಯಿರಿ.

ಹಳೆಯ ಏಸಿಗಳಲ್ಲಿದ್ದ ಆರ್12 ಗ್ಯಾಸ್ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಕ್ರಮೇಣ ನಿಂತಿತು. ಈಗ ಆರ್134ಎ. ಅದಕ್ಕೆ ಬೇರೆಯೇ ಹೋಸ್, ಬೇರೆಯೇ ಎಣ್ಣೆ. ಆ ಎಣ್ಣೆ ತೇವವನ್ನು ಹೀರುತ್ತದೆ. ಹೀಗಾಗಿ ಲೈನಿನಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ವ್ಯಾಕ್ಯೂಮ್ ಎಳೆದ, ಅಂದರೆ ಒಳಗಿನ ಗಾಳಿ, ತೇವ ಪಂಪಿನಿಂದ ತೆಗೆದ ಮೇಲೇ ಗ್ಯಾಸ್ ತುಂಬಿಸಲು ಹೇಳಿ. "ಬೇಗ ಮುಗಿಸ್ತೇವೆ" ಅನ್ನುವವರ ಹತ್ತಿರ ಸುಮ್ನೆ ಹೋಗಬೇಡಿ.

ಡ್ಯಾಶ್‌ಬೋರ್ಡ್ ಕತ್ತರಿಸಲು ಯಾರಿಗೂ ಬಿಡಬೇಡಿ. ಕೆಳಗೆ ನೇತುಹಾಕುವ ಯೂನಿಟ್ ಸಿಗುತ್ತದೆ, ಅದನ್ನು ಮುಂದೆ ಯಾರಾದರೂ ಬಿಚ್ಚಲೂ ಬಹುದು. ಉಡುಪಿಯವರ ಕಾರಿಗೆ ಹಾಗೆಯೇ ಮಾಡಿದೆ. ಒಂದು ವೆಂಟ್ ಅಮ್ಮ ಕೂರುವ ಸೀಟಿನ ಕಡೆ ತಿರುಗಿಸಿಟ್ಟೆ. ಬಿಚ್ಚಿದ ಡೈನಮೋವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಟ್ಟೆ.