ನಳಿಗೆಯ ಮೇಲಿನ ಅಂಕಿ

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ಕ್ರೀಡಾಕೂಟಗಳ ಕರಪತ್ರಗಳಲ್ಲಿ ಒಂದು ತಪ್ಪು ನನ್ನ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತದೆ. 'ಪಾಯಿಂಟ್ 22 ರೈಫಲ್ ಮತ್ತು ಪಾಯಿಂಟ್ 12 ಕೋವಿಯಿಂದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ' ಎಂದು ಅಚ್ಚು ಹಾಕಿಸಿರುತ್ತಾರೆ. ಪಾಯಿಂಟ್ 22 ಸರಿ. ಆದರೆ ಪಾಯಿಂಟ್ 12 ಎಂದರೆ ಒಂದು ಇಂಚಿನ ನೂರು ಭಾಗಗಳಲ್ಲಿ ಹನ್ನೆರಡು, ಅಂದರೆ ಬರಿಯ ಮೂರು ಮಿಲಿಮೀಟರ್. ಅಷ್ಟು ಕಿರಿದಾದ ನಳಿಗೆಯೊಳಗೆ ಒಂದು ಒಳ್ಳೆಯ ಕಾಳುಮೆಣಸು ಕೂಡ ಇಳಿಯುವುದಿಲ್ಲ. ನಮ್ಮ ಮನೆಗಳ ಜೋಡಿ ನಳಿಗೆಯ ಕೋವಿಯಲ್ಲಾದರೋ ತೋರುಬೆರಳು ಸಲೀಸಾಗಿ ಹೋಗುತ್ತದೆ.

ಆ ಹನ್ನೆರಡು ಒಂದು ಅಳತೆಯೇ ಅಲ್ಲ, ಎಣಿಕೆ. ಒಂದು ಪೌಂಡು, ಅಂದರೆ 454 ಗ್ರಾಂ ಸೀಸವನ್ನು ಕರಗಿಸಿ ಹನ್ನೆರಡು ಸಮನಾದ ಉಂಡೆಗಳನ್ನು ಎರಕ ಹೊಯ್ದರೆ, ಒಂದೊಂದು ಉಂಡೆಯೂ ಸರಿಯಾಗಿ ಹಿಡಿಸುವ ನಳಿಗೆ 12 ಬೋರ್. ಬೇಕಿದ್ದರೆ ಲೆಕ್ಕ ಹಾಕಿ ನೋಡಬಹುದು. ಒಂದು ಉಂಡೆಯ ತೂಕ 37.8 ಗ್ರಾಂ. ಸೀಸ ನೀರಿಗಿಂತ 11.34 ಪಟ್ಟು ಭಾರ. ಹಾಗಾಗಿ ಉಂಡೆಯ ಗಾತ್ರ 3.33 ಘನ ಸೆಂಟಿಮೀಟರ್, ಅದರ ಅಡ್ಡಳತೆ ಹದಿನೆಂಟೂವರೆ ಮಿಲಿಮೀಟರ್. ಹದಿನಾರು ಉಂಡೆ ಮಾಡಿದರೆ ಉಂಡೆ ಸಣ್ಣದು, ನಳಿಗೆಯೂ ಸಣ್ಣದು. ಅಂಕಿ ಹೆಚ್ಚಿದಷ್ಟೂ ತೂತು ಕಿರಿದಾಗುವುದು ಇದರಿಂದಲೇ. ರೈಫಲ್‌ನಲ್ಲಿ ಅದು ತಿರುವುಮುರುವು. ಅಲ್ಲಿ ಅಂಕಿ ಇಂಚಿನ ಲೆಕ್ಕ, ಹೆಚ್ಚಿದಷ್ಟೂ ಅಗಲ. ಎರಡೂ ಲೆಕ್ಕಗಳು ಒಂದೇ ಮನೆಯ ಗೋಡೆಯ ಮೇಲೆ ಅಕ್ಕಪಕ್ಕ ತೂಗುತ್ತಿರುವಾಗ ಗೊಂದಲವಾಗದೆ ಇರುತ್ತದೆಯೇ?

ಇದನ್ನೆಲ್ಲ ಕೂತು ವಿವರಿಸುವ ಸಂದರ್ಭ ಬಂದದ್ದು ತಂಗಿಯ ಮಗಳಿಂದ. ಅವಳಿಗೆ ಇಪ್ಪತ್ತನಾಲ್ಕು. "ಮಾವ, ರೈಫಲ್ ತೆಗೆದುಕೊಳ್ಳಬೇಕೆಂದಿದ್ದೇನೆ. 30-06 ಒಳ್ಳೆಯದಂತೆ, ಅದಕ್ಕಿಂತ ಜೋರಾದದ್ದು ಬೇಡವಂತೆ. ನೀವೇನು ಹೇಳುತ್ತೀರಿ?" ಎಂದಳು. ಅವಳ ದೊಡ್ಡಪ್ಪನ ಮನೆಯಲ್ಲಿ ಒಂದು 30-06 ಇದೆ. ಬೇಟೆಯ ಕಾಲದ್ದು, ಚೆಂದದ ಕೋವಿ. ನಾನು ಕೇಳಿದ್ದು ಒಂದೇ ಮಾತು: "ಯಾವ ಕೆಲಸಕ್ಕೆ?"

ಕೊಡಗಿನಲ್ಲಿ ಈ ಪ್ರಶ್ನೆಗೆ ಇಂದು ಉತ್ತರ ಸ್ಪಷ್ಟವಾಗಿದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 1861ರಷ್ಟು ಹಿಂದೆಯೇ ಸಿಕ್ಕ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ಬೇಟೆಯಾಡುವುದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಕಡೆಗೆ ನಳಿಗೆ ತಿರುಗಿಸುವ ಮಾತು ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತೆಂದು ನಾನು ಮನಸಾರೆ ನಂಬುತ್ತೇನೆ. ಹುಲಿ ಹೊಡೆದವನಿಗೆ 'ನರಿ ಮಂಗಲ' (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ಮಾಡಿ ಮೆರೆಸುತ್ತಿದ್ದ ನಾಡಿನಲ್ಲಿ ಈಗ ಕೋವಿಗೆ ಉಳಿದಿರುವ ಕೆಲಸ ಬೇರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು. ಮತ್ತೆ ತೆಂಗಿನಕಾಯಿ.

ಹಾಗಿದ್ದರೂ ಕ್ಯಾಲಿಬರಿನ, ಅಂದರೆ ನಳಿಗೆಯ ತೂತಿನ ಅಳತೆಯ, ವಿಜ್ಞಾನ ತಿಳಿಯಬೇಕಾದರೆ ಬೇಟೆಯ ಕಾಲಕ್ಕೇ ಹೋಗಬೇಕು. ಕ್ಯಾಲಿಬರ್ ಎಂಬ ಅಂಕಿಯ ಮೇಲೆ ಮನುಷ್ಯ ತನ್ನ ಪ್ರಾಣವನ್ನೇ ಪಣವಾಗಿಟ್ಟಿದ್ದು ಆಗ.

ಮೊದಲು ಅಂಕಿಯ ಮೋಸವನ್ನು ನೋಡೋಣ. ನಮ್ಮ ಸ್ಪರ್ಧೆಗಳ ಪಾಯಿಂಟ್ 22 ಗುಂಡು 2.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಮೆರಿಕದಲ್ಲಿ ಹುಟ್ಟಿದ ಪಾಯಿಂಟ್ 223 ಎಂಬ ಇನ್ನೊಂದು ತೋಟಾ (ಗುಂಡೂ ಮದ್ದೂ ಒಟ್ಟಿಗಿರುವ ಕೊಳವೆ) ಇದೆ. ಅದರ ಗುಂಡಿನ ಅಡ್ಡಳತೆ ಹೆಚ್ಚುಕಡಿಮೆ ಇಷ್ಟೇ, 5.7 ಮಿಲಿಮೀಟರ್. ಎರಡು ಗುಂಡುಗಳನ್ನೂ ಅಂಗೈಯಲ್ಲಿಟ್ಟು ಹಿಂಬದಿಯಿಂದ ನೋಡಿದರೆ ಬೇರೆ ಬೇರೆ ಎಂದು ಹೇಳುವುದು ಕಷ್ಟ. ಆದರೆ ಪಾಯಿಂಟ್ 223ರ ಗುಂಡಿನ ತೂಕ ಮೂರೂವರೆ ಗ್ರಾಂ, ವೇಗ ಸೆಕೆಂಡಿಗೆ 990 ಮೀಟರ್. ಚಲನಶಕ್ತಿ ತೂಕದ ಜೊತೆ ನೇರವಾಗಿ ಏರಿದರೆ ವೇಗದ ಜೊತೆ ವರ್ಗವಾಗಿ ಏರುತ್ತದೆ. ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಪಾಯಿಂಟ್ 22ರ ಗುಂಡಿನಲ್ಲಿ ಸುಮಾರು 140 ಜೂಲ್ ಶಕ್ತಿ ಇದ್ದರೆ ಇನ್ನೊಂದರಲ್ಲಿ 1,700ಕ್ಕೂ ಹೆಚ್ಚು. ತೂತು ಒಂದೇ, ಶಕ್ತಿ ಹನ್ನೆರಡು ಪಟ್ಟು.

ಜೂಲ್ ಎಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ಐವತ್ತು ಕಿಲೋ ತೂಗುವ ಕಾಫಿ ಚೀಲವನ್ನು ಒಂದಡಿ ಎತ್ತಲು ಬೇಕಾಗುವ ಶಕ್ತಿ ಪಾಯಿಂಟ್ 22ರ ಗುಂಡಿನಲ್ಲಿದೆ. ಅದೇ ಚೀಲವನ್ನು ಎಂಟು ಮೀಟರ್, ಅಂದರೆ ಎರಡು ಮಹಡಿಗಿಂತ ಮೇಲೆ ಎತ್ತುವ ಶಕ್ತಿ 30-06ರ ಗುಂಡಿನಲ್ಲಿದೆ: 11.7 ಗ್ರಾಂ, ಸೆಕೆಂಡಿಗೆ 820 ಮೀಟರ್, 3,900 ಜೂಲ್. ಅಂದ ಹಾಗೆ ಇಲ್ಲಿ 30 ಮಾತ್ರ ಅಳತೆ. 06 ಎಂಬುದು ಅಮೆರಿಕದ ಸೇನೆ ಆ ತೋಟಾವನ್ನು ಒಪ್ಪಿಕೊಂಡ 1906ನೇ ಇಸವಿ. ಹಳೆಯ 30-30ರ ಎರಡನೆಯ 30 ಅದರಲ್ಲಿ ತುಂಬುತ್ತಿದ್ದ ಮದ್ದಿನ ತೂಕ. ಹೀಗೆ ಒಂದೊಂದು ಅಂಕಿಗೂ ಒಂದೊಂದು ಅರ್ಥ.

ಕೆಲವು ಅಂಕಿಗಳನ್ನು ಹುಟ್ಟಿಸಿದ್ದು ರಾಜಕೀಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತದಲ್ಲಿ ಪಾಯಿಂಟ್ 450 ಬೇಟೆ ರೈಫಲ್‌ಗಳನ್ನು ನಿಷೇಧಿಸಿದರು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಅದೇ ಅಳತೆಯವು. ಗುಂಡುಗಳು ದಂಗೆ ಏಳುವವರ ಕೈ ಸೇರಬಾರದೆಂಬುದು ಅವರ ಭಯ. ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನಿರಲಿಲ್ಲ. ಪಾಯಿಂಟ್ 465, ಪಾಯಿಂಟ್ 470 ಎಂದು ಕೂದಲೆಳೆಯಷ್ಟು ಹೆಚ್ಚು ಅಗಲದ ಹೊಸ ತೋಟಾಗಳನ್ನು ಮಾಡಿದರು. ಹುಲಿಗೂ ಆನೆಗೂ ಆ ವ್ಯತ್ಯಾಸ ತಿಳಿಯುವಂಥದ್ದಲ್ಲ. ಸೇನೆಯ ಪಾಯಿಂಟ್ 303 ಇಂದಿಗೂ ಸಾಮಾನ್ಯರಿಗೆ ನಿಷಿದ್ಧ. ಅದಕ್ಕೆ ಬದಲಾಗಿಯೇ ಪಾಯಿಂಟ್ 315 ಬಂದದ್ದು. ಪಶ್ಚಿಮ ಬಂಗಾಳದ ಈಶಾಪುರದಲ್ಲಿ ತಯಾರಾಗುವ ಆ ರೈಫಲ್‌ನ ಮೈಕಟ್ಟು ಪಾಯಿಂಟ್ 303ರದ್ದೇ.

ಈಗ ಬೇಟೆಗಾರರ ಹಳೆಯ ಜಗಳಕ್ಕೆ ಬರೋಣ. ದಪ್ಪ ಗುಂಡು ನಿಧಾನವಾಗಿ ಹೋಗುವುದು ಒಳ್ಳೆಯದೋ, ಸಣ್ಣ ಗುಂಡು ವೇಗವಾಗಿ ಹೋಗುವುದು ಒಳ್ಳೆಯದೋ? ನಮ್ಮ ದಕ್ಷಿಣದ ಕಾಡುಗಳಲ್ಲಿ ನರಭಕ್ಷಕಗಳ ಬೆನ್ನುಹತ್ತಿದ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು ಪಾಯಿಂಟ್ 405 ವಿಂಚೆಸ್ಟರ್, 19 ಗ್ರಾಂಗಿಂತ ಹೆಚ್ಚು ತೂಗುವ ಗುಂಡು. ಕುಮಾವೂಂ ಬೆಟ್ಟಗಳ ಜಿಮ್ ಕಾರ್ಬೆಟ್ ಬಹುವಾಗಿ ನೆಚ್ಚಿದ್ದು ಹಗುರವಾದ ಪಾಯಿಂಟ್ 275 ರಿಗ್ಬಿಯನ್ನು. ಅದು ಏಳು ಮಿಲಿಮೀಟರಿನ ಮೌಸರ್ ತೋಟಾದ ಇಂಗ್ಲಿಷ್ ಹೆಸರು. ಆಫ್ರಿಕದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ನೂರಾರು ಆನೆಗಳನ್ನು ಇದೇ ಏಳು ಮಿಲಿಮೀಟರಿನಿಂದ ಕೆಡವಿದ. ಇದು ಹೇಗೆ ಸಾಧ್ಯ? ಗುಂಡು ಎಷ್ಟು ಆಳ ಹೋಗುತ್ತದೆಂಬುದನ್ನು ಅದರ ಶಕ್ತಿಯೊಂದೇ ನಿರ್ಧರಿಸುವುದಿಲ್ಲ. ಅದರ ಮುಖದ ಒಂದೊಂದು ಚದರ ಮಿಲಿಮೀಟರಿನ ಹಿಂದೆ ಎಷ್ಟು ತೂಕ ನಿಂತಿದೆ ಎಂಬುದೂ ಮುಖ್ಯ. ಒಂದೇ ತೂಕದ ಮೊಳೆಯನ್ನೂ ನಾಣ್ಯವನ್ನೂ ಒಂದೇ ಸುತ್ತಿಗೆಯಿಂದ ಮರಕ್ಕೆ ಹೊಡೆದರೆ ಒಳಗೆ ಇಳಿಯುವುದು ಯಾವುದು? ಬೆಲ್‌ನ ಗುಂಡು ಉದ್ದ, ತೆಳು, ಗಟ್ಟಿ ಕವಚದ್ದು, ಮೊಳೆಯಂಥದ್ದು. ಜೊತೆಗೆ ಆನೆಯ ತಲೆಬುರುಡೆಯನ್ನು ಕೊಯ್ದು ನೋಡಿ ಮೆದುಳಿರುವ ಜಾಗವನ್ನು ಅವನು ಕಲಿತಿದ್ದ. ಆ ಕಲಿಕೆಯಿಲ್ಲದೆ ಸಣ್ಣ ಕೋವಿ ಹಿಡಿದು ಹೋದವರು ಪ್ರಾಣಿಗಳನ್ನು ಗಾಯಗೊಳಿಸಿ ಕಳುಹಿಸಿದರು. ಗಾಯಗೊಂಡ ಕಾಟಿಯೋ (ಕಾಡುಕೋಣ) ಹುಲಿಯೋ ಕಾಫಿ ತೋಟದೊಳಗೆ ಹೊಕ್ಕರೆ ಮಾರನೆಯ ದಿನ ಅದರ ಬೆಲೆ ತೆರುವವನು ಬೇಟೆಗಾರನಲ್ಲ, ಕೆಲಸಕ್ಕೆ ಬಂದ ಬಡವ.

ಉದ್ದನೆಯ ಗುಂಡಿಗೆ ಒಂದು ತೊಂದರೆ ಇದೆ, ಗಾಳಿಯಲ್ಲಿ ಅದು ಪಲ್ಟಿ ಹೊಡೆಯುತ್ತದೆ. ತಿರುಗುವ ಬುಗುರಿ ಬೀಳುವುದಿಲ್ಲವಲ್ಲ, ಹಾಗೆಯೇ ಗುಂಡನ್ನೂ ತಿರುಗಿಸಿಬಿಟ್ಟರೆ ಅದು ಮೂತಿ ಮುಂದೆ ಮಾಡಿಕೊಂಡೇ ಹೋಗುತ್ತದೆ. ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳನ್ನು ಕೊರೆದಿರುವುದು ಇದಕ್ಕೆ. ಆಕಾಶದ ಕಡೆಗೆ ಹಿಡಿದು, ಖಾಲಿ ಎಂದು ಎರಡು ಸಲ ಖಚಿತ ಮಾಡಿಕೊಂಡು, ಹಿಂದಿನಿಂದ ಇಣುಕಿ ನೋಡಿದರೆ ಆ ಗೀರುಗಳು ಬೆಳಕನ್ನು ತಿರುಚುತ್ತಾ ದೂರಕ್ಕೆ ಒಯ್ಯುವುದು ಕಾಣುತ್ತದೆ. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಿರಬೇಕು. ಎಷ್ಟು ಬಿಗಿ ಎಂಬುದಕ್ಕೆ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಒಂದು ಸರಳ ಸೂತ್ರ ಕೊಟ್ಟ. 30-06ರಲ್ಲಿ ಹತ್ತು ಇಂಚಿಗೆ ಒಂದು ಸುತ್ತು. ಸೆಕೆಂಡಿಗೆ 820 ಮೀಟರ್ ಹೋಗುವ ಗುಂಡು ಆ ಲೆಕ್ಕದಲ್ಲಿ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ಇಷ್ಟೆಲ್ಲ ಕೇಳಿಯೂ ತಂಗಿಯ ಮಗಳ ಮನಸ್ಸು 30-06ನಲ್ಲೇ ಇತ್ತು. ಆಯಿತು ಎಂದು ಅವಳ ದೊಡ್ಡಪ್ಪನ ತೋಟದ ಹಿಂದೆ, ಎತ್ತರದ ಮಣ್ಣಿನ ಬರೆಗೆ ಮುಖ ಮಾಡಿ ನಿಂತೆವು. ಬರೆ ಬೇಕೇ ಬೇಕು. ಪಾಯಿಂಟ್ 22ರ ಪುಟ್ಟ ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು, 30-06ರದ್ದು ಮೂರು ಕಿಲೋಮೀಟರಿಗೂ ಹೆಚ್ಚು. ತೋಟದ ಆಚೆ ಕೆಲಸಗಾರರ ಲೈನ್ ಮನೆಗಳಿವೆ, ಮಕ್ಕಳಿದ್ದಾರೆ. ಎರಡು ಗುಂಡು ಹೊಡೆದಳು. ಮೂರನೆಯ ಸಲ ನಾನು ಅವಳಿಗೆ ತಿಳಿಸದೆ ಮದ್ದಿಲ್ಲದ ತೋಟಾ ಹಾಕಿ ಕೊಟ್ಟೆ. ಟ್ರಿಗರ್ ಎಳೆದಾಗ ಬರಿಯ 'ಟಿಕ್' ಎಂದಿತು. ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಕುಸಿದಿತ್ತು, ಅವಳ ಕಣ್ಣು ಮುಚ್ಚಿತ್ತು. ಒದೆ ಬರುವ ಮೊದಲೇ ಭುಜ ಬೆದರಿತ್ತು. ಅವಳು ಕೋವಿಯನ್ನು ಕೆಳಗಿಳಿಸಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಇದರಲ್ಲಿ ಅವಳ ತಪ್ಪೇನೂ ಇಲ್ಲ. ಗುಂಡು ಮುಂದಕ್ಕೆ ಎಷ್ಟು ಸಂವೇಗ ಪಡೆಯುತ್ತದೋ ಕೋವಿ ಹಿಂದಕ್ಕೆ ಅಷ್ಟೇ ಪಡೆಯುತ್ತದೆ, ಸಾಲದ್ದಕ್ಕೆ ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲದ ಪಾಲೂ ಸೇರುತ್ತದೆ. ಮೂರೂವರೆ ಕಿಲೋ ತೂಗುವ 30-06 ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಭುಜಕ್ಕೆ ಬಂದು ಬಡಿಯುತ್ತದೆ, ಓಡಿಬರುವ ಮನುಷ್ಯನ ವೇಗ ಅದು. ಪಾಯಿಂಟ್ 22ರದ್ದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮೈ ಇದನ್ನು ಒಂದೇ ಗುಂಡಿಗೆ ಕಲಿಯುತ್ತದೆ, ಮರೆಯಲು ನೂರು ಗುಂಡು ಬೇಕು.

ಹಾಗೆಂದು ಪಾಯಿಂಟ್ 22 ಸುಲಭದ ಕೋವಿಯಲ್ಲ. ಐವತ್ತು ಮೀಟರ್ ದೂರದ ಕಾಯಿಯನ್ನು ಅದರ ಗುಂಡು ಮುಟ್ಟಲು ಸೆಕೆಂಡಿನ ಸುಮಾರು ಆರನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು ಹನ್ನೆರಡು ಸೆಂಟಿಮೀಟರ್ ಕೆಳಗೆಳೆದಿರುತ್ತದೆ. ಸುಲಿದ ತೆಂಗಿನಕಾಯಿಯ ಎತ್ತರವೇ ಅಷ್ಟು! 30-06ರ ಗುಂಡು ಅದೇ ದೂರದಲ್ಲಿ ಎರಡು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಗುರಿಪಟ್ಟಿಯನ್ನು ಐವತ್ತು ಮೀಟರಿಗೆ ಹೊಂದಿಸಿಕೊಂಡರೆ ಈ ಇಳಿತಕ್ಕೆ ಪರಿಹಾರವಿದೆ. ಆದರೆ ಹೊಂದಿಸಿದ ದೂರ ಬಿಟ್ಟು ಬೇರೆ ದೂರಕ್ಕೆ ಹೊಡೆದರೆ ಪಾಯಿಂಟ್ 22 ತಪ್ಪನ್ನು ಮುಚ್ಚಿಡುವುದಿಲ್ಲ. ಕಲಿಯುವವರಿಗೆ ಇಂಥ ಪ್ರಾಮಾಣಿಕ ಗುರು ಬೇರೆ ಸಿಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಆಮೇಲೆ ಅಳತೆ ನೋಡಿದೆವು. ಕೋವಿಯ ಹಿಂತುದಿಯನ್ನು ಮೊಣಕೈಯ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಆರಾಮವಾಗಿ ಸಿಗಬೇಕು. ದೊಡ್ಡಪ್ಪನ ಕೋವಿಯಲ್ಲಿ ಅವಳ ಬೆರಳು ಒಂದಿಂಚು ಹಿಂದೆಯೇ ನಿಂತಿತು, ಅದು ಆರಡಿ ಆಳಿಗೆ ಮಾಡಿಸಿದ್ದು. ಕಣ್ಣಿನ ಪರೀಕ್ಷೆಯೂ ಆಯಿತು. ಎರಡೂ ಕಣ್ಣು ತೆರೆದು ದೂರದ ಸಿಲ್ವರ್ ಮರವೊಂದಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಯಾವ ಕಣ್ಣು ಮುಚ್ಚಿದಾಗ ಬೆರಳು ಮರ ಬಿಟ್ಟು ಹಾರುತ್ತದೋ ಆ ಕಣ್ಣೇ ಯಜಮಾನ. ಅವಳದ್ದು ಬಲಗಣ್ಣು, ಬಲಗೈಯವಳು, ತೊಂದರೆಯಿಲ್ಲ. ಎಡಗಣ್ಣು ಯಜಮಾನನಾಗಿರುವ ಬಲಗೈಯವರು ಎಷ್ಟೋ ವರ್ಷ ಕೋವಿಯನ್ನೇ ದೂರುತ್ತಾ ಕಳೆಯುವುದನ್ನು ನೋಡಿದ್ದೇನೆ.

ಕೊನೆಗೆ ಅವಳು ತೆಗೆದುಕೊಂಡದ್ದು ಪಾಯಿಂಟ್ 22.

ಈ ವರ್ಷ ಕೈಲ್ ಪೊಳ್ದಿಗೆ ಎರಡು ದಿನ ಮೊದಲೇ ಬಂದು ನನ್ನ ಜೊತೆ ಮನೆಯ ಕೋವಿಗಳನ್ನು ಶುಚಿ ಮಾಡಲು ಕೂತಳು. ನಮ್ಮಲ್ಲಿ ಅಜ್ಜನ ಕೇಪಿನ ಕೋವಿಯೊಂದಿದೆ, ಪುತ್ತರಿಯಲ್ಲಿ ಈಗಲೂ ಅದೇ ಗುಡುಗುವುದು. ನಾನು ಎಣ್ಣೆಯ ಸೀಸೆ ಬಿಟ್ಟು ಒಲೆಯ ಮೇಲಿನ ಕುದಿಯುವ ನೀರಿನ ಚೊಂಬನ್ನು ತಂದದ್ದು ನೋಡಿ ಗಾಬರಿಯಾದಳು. "ಮಾವ, ಕಬ್ಬಿಣಕ್ಕೆ ನೀರೇ?" ಎಂದಳು. ಕೇಪಿನ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯೊಳಗೆ ಅಂಟುತ್ತದೆ, ಅಡುಗೆ ಉಪ್ಪಿನ ಸೋದರ. ನಮ್ಮ ಮಳೆಗಾಲದ ಗಾಳಿಯಿಂದ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಕುದಿನೀರಾದರೆ ನಳಿಗೆ ಕಾದು ತಾನೇ ಒಣಗುತ್ತದೆ. ಆಮೇಲೆ ಎಣ್ಣೆ. ಅಜ್ಜನಿಗೆ ಈ ರಸಾಯನಶಾಸ್ತ್ರದ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಅವಳ ಹೊಸ ರೈಫಲ್‌ನ ತೋಟಾಗಳಲ್ಲಿ ಆ ಉಪ್ಪಿಲ್ಲ, ಅದಕ್ಕೆ ಎಣ್ಣೆಬಟ್ಟೆ ಸಾಕು. ಆದರೂ ನಳಿಗೆಯನ್ನು ಅವಳೇ ಹಿಡಿದುಕೊಂಡಳು, ನಾನು ನೀರು ಹೊಯ್ದೆ. ಮೊದಲು ಬಂದದ್ದು ಮಸಿಬಣ್ಣದ ನೀರು, ಮೂರನೆಯ ಚೊಂಬಿಗೆ ತಿಳಿಯಾಯಿತು. ನಳಿಗೆಯ ಬಾಯಿಂದ ಆವಿ ಏಳುತ್ತಿತ್ತು. ಪೂಜೆಯ ಕೋಣೆಯಾದ ಕನ್ನಿ ಕೊಂಬರೆಯಲ್ಲಿ ಒರಗಿಸುವ ಮೊದಲು ನಳಿಗೆಯ ಬಾಯಿಗೆ ಸಿಕ್ಕಿಸಲು ತೋಕ್ ಪೂ, ಅಂದರೆ ಕೋವಿ ಹೂ, ಎಲ್ಲಿ ಅರಳಿದೆ ಎಂದು ಕೇಳಿದಳು. ಗದ್ದೆಯ ಬೇಲಿಯ ಮೇಲೆ, ಎಂದೆ.