ನಿಂಬೆಹಣ್ಣಿಗೆ ಬಗ್ಗಿದಾಗ ಟೈರನ್ನೂ ನೋಡಿ

ಖಂಡೆ ಪೂಜೆ ದಿನ ನಮ್ಮ ಬಾಗಲಕೋಟೆಯಲ್ಲಿ ತೊಳೆಯದ ಗಾಡಿ ಹುಡುಕಿದರೂ ಸಿಗುವುದಿಲ್ಲ. ಚೆಂಡು ಹೂವಿನ ಮಾಲೆ, ಬಾನೆಟ್ ಮೇಲೆ ವಿಭೂತಿ, ಗಾಲಿಗೊಂದರಂತೆ ನಿಂಬೆಹಣ್ಣು. ಮಾಡಲಿ, ಹಬ್ಬ ಅದು. ಆದರೆ ನಿಂಬೆಹಣ್ಣು ಇಡಲು ಹೇಗೂ ಬಗ್ಗುತ್ತೀರಲ್ಲ, ಆಗ ಟೈರಿನ ಗೆರೆಯೊಳಗೆ ಬೆರಳು ಹಾಕಿ ನೋಡುವವರು ಎಷ್ಟು ಜನ? ಹಬ್ಬ ಮುಗಿಸಿ ಅದೇ ಬೋಳು ಟೈರಿನಲ್ಲಿ, ಹಸ್ತ ಮಳೆ ಸುರಿಯುವಾಗ, ವಿಜಯಪುರ ದಾಟಿ ಸೊಲ್ಲಾಪುರದ ಕಡೆಗೆ ಹೊರಟುಬಿಡುತ್ತಾರೆ. ದೃಷ್ಟಿ ತೆಗೆದಾಗಿದೆ, ಇನ್ನೇನು ಆಗುತ್ತೆ ಅನ್ನುವ ಧೈರ್ಯ ಬೇರೆ.

ಇದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರಿಸುವ ನಂಬಿಕೆ ಇನ್ನೊಂದಿದೆ. ಅದನ್ನು ಯಾರೂ ಮೂಢನಂಬಿಕೆ ಅಂತ ಕರೆಯುವುದೇ ಇಲ್ಲ, ಯಾಕೆಂದರೆ ಅದು ಅನುಭವಸ್ಥರ ಬಾಯಿಂದ ಬರುತ್ತದೆ. "ಮಳಿ ಅದಾವ್ರಿ, ಗಾಳಿ ಸ್ವಲ್ಪ ಕಡಿಮಿ ಇರ್ಲಿ, ಗ್ರಿಪ್ ಚಲೋ ಸಿಗತೈತಿ." ಪಂಕ್ಚರ್ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಕೇಳಿದ್ದೇನೆ.

ಈ ಮಾತು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ಹೊಲದ ಮೆತ್ತನೆಯ ಮಣ್ಣಿನಲ್ಲಿ ಇದು ನಿಜ. ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಗಾಳಿ ಕಡಿಮೆ ಇದ್ದರೆ ಅದು ಅಗಲವಾಗಿ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಗಾಲಿ ಹೂಳುವುದಿಲ್ಲ. ಹೊಲದ ಆ ಬುದ್ಧಿಯನ್ನು ಹಾಗೇ ಎತ್ತಿಕೊಂಡು ಡಾಂಬರಿನ ಮೇಲೆ ತಂದರೆ ಉಲ್ಟಾ ಆಗುತ್ತದೆ. ಡಾಂಬರಿನ ಮೇಲೆ ಟೈರು ಹೂಳುವ ಪ್ರಶ್ನೆಯೇ ಇಲ್ಲ. ಅಲ್ಲಿರುವ ಪ್ರಶ್ನೆ ಒಂದೇ: ಟೈರಿಗೂ ರಸ್ತೆಗೂ ನಡುವೆ ಇರುವ ನೀರು ಎಲ್ಲಿ ಹೋಗಬೇಕು?

ಇದಕ್ಕೆ ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಕಾರಿನಿಂದಲ್ಲ, ರೈಲಿನಿಂದ. 1880ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಬೋಶಾಂ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳಿಗೆ ಎಣ್ಣೆ ಹೇಗೆ ಹಾಕಿದರೆ ಒಳ್ಳೆಯದು ಅಂತ ಪರೀಕ್ಷೆ ಮಾಡುತ್ತಿದ್ದ. ಎಣ್ಣೆ ಬಿಡಲು ಬೇರಿಂಗಿನ ನೆತ್ತಿಗೆ ತೂತು ಕೊರೆಸಿದ. ಅಚ್ಚು ತಿರುಗಿದ ಕೂಡಲೇ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ. ಬಿರಡೆಯೂ ಹೊರಗೆ ಬಂತು. ಕೊನೆಗೆ ಒತ್ತಡ ಅಳೆಯುವ ಗೇಜು ಜೋಡಿಸಿ ನೋಡಿದರೆ, ಬೇರಿಂಗಿನ ಮೇಲೆ ಅವನು ಹೇರಿದ್ದ ಭಾರದ ಸರಾಸರಿ ಒತ್ತಡಕ್ಕಿಂತ ಒಳಗಿನ ಎಣ್ಣೆಯ ಒತ್ತಡವೇ ಜಾಸ್ತಿ! ಅಂದರೆ ಲೋಹ ಲೋಹಕ್ಕೆ ತಾಗುತ್ತಲೇ ಇರಲಿಲ್ಲ, ಇಡೀ ಭಾರ ತೆಳ್ಳನೆಯ ಎಣ್ಣೆ ಪದರದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದಕ್ಕೆ ಗಣಿತ ಬರೆದ. ಎರಡು ಮೈಗಳ ನಡುವಿನ ಸಂದು ಮುಂದೆ ಅಗಲವಾಗಿ ಹಿಂದೆ ಕಿರಿದಾಗಿದ್ದರೆ, ಚಲನೆ ದ್ರವವನ್ನು ಆ ಸಂದಿಗೆ ಎಳೆದು ತುರುಕುತ್ತದೆ. ತಪ್ಪಿಸಿಕೊಳ್ಳಲು ಜಾಗ ಸಿಗದೆ ಅದು ಮೇಲಿರುವುದನ್ನು ಎತ್ತಿಹಿಡಿಯುತ್ತದೆ.

ಈಗ ಮಳೆಯಲ್ಲಿ ಓಡುವ ಟೈರಿನ ಮುಂಭಾಗ ನೆನಪಿಸಿಕೊಳ್ಳಿ. ಗುಂಡಗಿನ ಗಾಲಿ, ಚಪ್ಪಟೆ ರಸ್ತೆ, ನಡುವೆ ಕಿರಿದಾಗುತ್ತಾ ಹೋಗುವ ಸಂದು. ನೀರು ಅಲ್ಲಿಗೇ ನುಗ್ಗುತ್ತದೆ. ವೇಗ ಎರಡು ಪಟ್ಟಾದರೆ ನೀರು ಗುದ್ದುವ ಒತ್ತಡ ನಾಲ್ಕು ಪಟ್ಟು. ಅದನ್ನು ಎದುರಿಸಿ ರಬ್ಬರನ್ನು ಕೆಳಕ್ಕೆ ಒತ್ತಿ ಹಿಡಿಯುವುದು ಯಾವುದು? ಒಳಗಿನ ಗಾಳಿಯ ಒತ್ತಡವೇ. ಅದನ್ನು ಇಳಿಸಿದರೆ ನೀರಿಗೆ ಗೆಲುವು ಸಲೀಸು.

1963ರಲ್ಲಿ ನಾಸಾದ ಹಾರ್ನ್ ಮತ್ತು ಡ್ರೀಹರ್, ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಟೈರಿನ ಗಾಳಿಯ ಒತ್ತಡ ಎಷ್ಟು ಪಿಎಸ್ಐ (ಬಂಕಿನ ಗೇಜು ತೋರಿಸುವ ಅಳತೆ) ಇದೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ, ಟೈರು ನೀರಿನ ಮೇಲೆ ತೇಲುವ ವೇಗ ನಾಟ್‌ಗಳಲ್ಲಿ ಬರುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಕಾರಿನ ಟೈರಿಗೆ ಇದು ಬರೀ ಅಂದಾಜು, ಆದರೂ ಹಾಕಿ ನೋಡಿ. 32 ಪಿಎಸ್ಐ ಇದ್ದರೆ ಗಂಟೆಗೆ ಸುಮಾರು 94 ಕಿಲೋಮೀಟರ್. "ಗ್ರಿಪ್ ಚಲೋ" ಆಗಲಿ ಅಂತ 24ಕ್ಕೆ ಇಳಿಸಿದರೆ 82. ಗಾಳಿ ತೆಗೆದಿದ್ದಕ್ಕೆ 12 ಕಿಲೋಮೀಟರ್ ಮೊದಲೇ ಗಾಡಿ ದೋಣಿಯಾಯಿತು.

ಈ ಲೆಕ್ಕ ನೀರು ಟೈರಿನ ಗೆರೆಯ ಆಳಕ್ಕಿಂತ ಜಾಸ್ತಿ ನಿಂತಾಗಿನದು. ಗೆರೆಗಳಿರುವುದೇ ನೀರಿಗೆ ದಾರಿ ಬಿಡಲು, ಚೆಂದಕ್ಕಲ್ಲ. ಸವೆದ ಹವಾಯಿ ಚಪ್ಪಲಿ ಮೆಟ್ಟಿ ಒದ್ದೆ ಫರ್ಶಿ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಿಗೆ ಕಾನೂನಿನ ಕನಿಷ್ಠ 1.6 ಮಿಲಿಮೀಟರ್. ಗೆರೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಟೈರಿನ ಮೈ ಸವೆದು ಅವುಗಳ ಸಮಕ್ಕೆ ಬಂದರೆ ಆ ಟೈರಿನ ಆಯುಷ್ಯ ಮುಗಿಯಿತು.

ನಮ್ಮ ಕಡೆಗೆ ಇನ್ನೊಂದು ವಿಶೇಷವಿದೆ, ಎರೆಮಣ್ಣು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ತುಂಬ ಹರಿದ ಲಾವಾ ಕಪ್ಪು ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು. ಇದರಲ್ಲಿರುವ ಜೇಡಿ ಪದರ ಪದರವಾಗಿದ್ದು ನೀರನ್ನು ಪದರಗಳ ನಡುವೆ ಹೀರಿಕೊಂಡು ಉಬ್ಬುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವುದೂ ಇದೇ, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುವುದೂ ಇದೇ. ಕಬ್ಬಿನ ಹಂಗಾಮು ಶುರುವಾದ ಮೇಲೆ ಮುಧೋಳ, ಜಮಖಂಡಿ ಕಡೆ ಹೋಗಿ ನೋಡಿ. ಹಸಿ ಹೊಲದಿಂದ ಹೊರಬಿದ್ದ ಟ್ರ್ಯಾಕ್ಟರುಗಳು ಗಾಲಿಗೆ ಹತ್ತಿದ ಮಣ್ಣನ್ನು ರಸ್ತೆ ಉದ್ದಕ್ಕೂ ಬಳಿದಿರುತ್ತವೆ. ಮಧ್ಯಾಹ್ನ ಅದು ಒಣಗಿ ನಿರುಪದ್ರವಿ ಥರ ಕಾಣುತ್ತದೆ. ಬೆಳಗಿನ ಜಾವ ಇಬ್ಬನಿ ಬಿದ್ದರೆ ಸಾಕು, ಟವರನ ಬೇರಿಂಗಿನ ಎಣ್ಣೆ ಪದರ ತಯಾರು. ಇದಕ್ಕೆ 90ರ ವೇಗ ಬೇಡ, 40ರಲ್ಲೂ ಜಾರುತ್ತದೆ. ಕೆಸರು ನೀರಿನ ಹಾಗೆ ಬೇಗ ಸರಿದು ದಾರಿ ಬಿಡುವುದಿಲ್ಲ, ಗೆರೆಗಳನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಇಲ್ಲಿ ವೇಗ ಇಳಿಸುವುದೊಂದೇ ಉಪಾಯ.

ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು. ದೀಪಾವಳಿ ಹೊತ್ತಿಗೆ ಮುಂಜಾನೆ ಚಳಿ ಬೀಳುತ್ತದೆ. 10 ಡಿಗ್ರಿ ತಾಪ ಇಳಿದರೆ ಟೈರಿನಲ್ಲಿ ಹತ್ತಿರ ಒಂದೂವರೆ ಪಿಎಸ್ಐ ಇಳಿಯುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿಕೊಂಡು ಹೋಗಿ ಬಂಕಿನಲ್ಲಿ 32 ತೋರಿಸಿತು ಅಂತ ಸಮಾಧಾನಪಟ್ಟರೆ, ಮರುದಿನ ಐದು ಗಂಟೆಗೆ ಬೆಳಗಾವಿಗೆ ಹೊರಡುವಾಗ ಅಷ್ಟು ಇರುವುದಿಲ್ಲ. ಗಾಡಿ ತಣ್ಣಗಿದ್ದಾಗಲೇ ನೋಡಿಸಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೋ ಗಾಡಿಯ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ. "ನೈಟ್ರೋಜನ್ ಹಾಕ್ಸೇವ್ರಿ, ನೋಡೂದ ಬ್ಯಾಡ" ಅನ್ನುವವರಿಗೆ: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಚಳಿಗೆ ಅದೂ ಅಷ್ಟೇ ಕುಗ್ಗುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ವೈಪರ್ ರಬ್ಬರ್ ಬದಲಿಸಿ. ಗಾಜಿನ ಒಳಗಡೆ ಮಂಜು ಹಿಡಿದರೆ ಎಸಿ ಹಾಕಿ, ಅದು ಒಳಗಿನ ತೇವ ತೆಗೆಯುತ್ತದೆ. ಹಿಂದೆ ಲೈಟಿಲ್ಲದ ಕಬ್ಬಿನ ಟ್ರೇಲರ್ ಯಾವಾಗ ಎದುರಾದೀತು ಅಂತ ಹೇಳಲಾಗದು, ರಾತ್ರಿ ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲುವ ವೇಗದಲ್ಲೇ ಇರಿ. ರಸ್ತೆ ಮೇಲೆ ಒಕ್ಕಣೆಗೆ ಹರವಿದ ಸೊಪ್ಪು, ಹೊಟ್ಟಿನ ಮೇಲೆ ಹಾಯಿಸಬೇಡಿ, ಅದು ಅಚ್ಚಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ.

ಇಷ್ಟಾದರೂ ಒಮ್ಮೆ ತೇಲಿತು ಅನ್ನಿ. ಸ್ಟೇರಿಂಗ್ ದಿಢೀರ್ ಹಗುರಾಗುತ್ತದೆ, ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಆಗ ಬ್ರೇಕ್ ಒತ್ತಬೇಡಿ. ಬ್ರೇಕ್ ಒತ್ತಿದಾಗ ಗಾಲಿ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದೆಯಲ್ಲ ಅಂತೀರಾ? ಅದು ಇರುವ ಹಿಡಿತವನ್ನು ಹದವಾಗಿ ಬಳಸುತ್ತದೆ ಅಷ್ಟೇ, ಇಲ್ಲದ ಹಿಡಿತವನ್ನು ಎಲ್ಲಿಂದ ತರಬೇಕು? ಎಕ್ಸಲೇಟರಿನಿಂದ ಕಾಲು ಮೆಲ್ಲಗೆ ತೆಗೆಯಿರಿ, ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ. ವೇಗ ಇಳಿಯುತ್ತಿದ್ದಂತೆ ನೀರಿನ ಒತ್ತಡ ಕುಸಿದು ಟೈರು ಮತ್ತೆ ಡಾಂಬರಿಗೆ ತಾಗುತ್ತದೆ.