ಜಾತಕದ ಕೇಂದ್ರ, ಹೋರಾ, ಜಾಮಿತ್ರ: ಇವು ನಿಜಕ್ಕೂ ಗ್ರೀಕ್ ಪದಗಳೇ?

ಪ್ರಶ್ನೆ: ‘ಕೇಂದ್ರ’ ಸಂಸ್ಕೃತ ಪದ ಎಂದೇ ಓದಿಕೊಂಡು ಬಂದಿದ್ದೇವೆ. ಅದು ಗ್ರೀಕ್‌ನಿಂದ ಬಂತು, ಜಾತಕದ ಹೋರಾ, ದ್ರೇಕ್ಕಾಣಗಳೂ ಹಾಗೇ ಎಂದು ಕೆಲವರು ಹೇಳುತ್ತಾರೆ. ಎರಡೂ ಸೋದರ ಭಾಷೆಗಳಾದ್ದರಿಂದ ಹಾಗೆ ಕಾಣುತ್ತದೆಯೋ, ನಿಜವಾಗಿಯೂ ಎರವಲೋ? ಹೇಗೆ ಗೊತ್ತಾಗುತ್ತದೆ?

ಉತ್ತರ: ಎರವಲೇ. ಆದರೆ ನಿಮ್ಮ ಅನುಮಾನವೂ ಸರಿಯಾದದ್ದೇ, ಯಾಕೆಂದರೆ ಹೋಲಿಕೆ ಕಂಡ ಕೂಡಲೇ ಎರವಲು ಎನ್ನುವಂತಿಲ್ಲ. ದಶ ಮತ್ತು ‘ದೆಕ’, ನಾಮ ಮತ್ತು ‘ಒನೊಮ’, ಮಾತೃ ಮತ್ತು ‘ಮೆತೆರ್’ ಹೋಲುತ್ತವೆ. ಇಲ್ಲಿ ಯಾರೂ ಯಾರಿಂದಲೂ ತೆಗೆದುಕೊಂಡಿಲ್ಲ, ಎರಡೂ ಭಾಷೆಗಳಿಗೆ ಒಂದೇ ಮೂಲದಿಂದ ಬಂದ ಪಿತ್ರಾರ್ಜಿತ ಅದು. ಅಂಥ ಪದಗಳು ವೇದದಲ್ಲೇ ಸಿಗುತ್ತವೆ, ಅವಕ್ಕೆ ಸಂಸ್ಕೃತದಲ್ಲಿ ದೊಡ್ಡ ಬಳಗವೂ ಇರುತ್ತದೆ. ಕೇಂದ್ರ, ಹೋರಾ, ಜಾಮಿತ್ರಗಳಿಗೆ ಆ ಬಳಗವಿಲ್ಲ. ಒಪ್ಪುವಂಥ ಧಾತುವಿಲ್ಲ, ಕಾಲಗಣನೆಯ ಹಳೆಯ ಗ್ರಂಥವಾದ ವೇದಾಂಗ ಜ್ಯೋತಿಷದಲ್ಲಿ ಸುಳಿವಿಲ್ಲ. ರಾಶಿ, ಲಗ್ನ, ಭಾವ (ಕುಂಡಲಿಯ ಹನ್ನೆರಡು ಮನೆಗಳು) ಇರುವ ಜಾತಕಶಾಸ್ತ್ರದ ಜೊತೆಗೇ ಅವು ಗುಂಪಾಗಿ ಕಾಣಿಸಿಕೊಳ್ಳುತ್ತವೆ.

ಗುಂಪಾಗಿ ಎನ್ನುವುದೇ ಇಲ್ಲಿ ಮುಖ್ಯ. ಒಂದು ಪದ ಆಕಸ್ಮಿಕವಾಗಿ ಹೋಲಬಹುದು. ಕುಂಡಲಿಯ ನಾಲ್ಕು ಮೂಲೆಗಲ್ಲುಗಳ ಹೆಸರೂ ಒಟ್ಟಿಗೆ ಹೋಲಿದರೆ ಅದು ಆಕಸ್ಮಿಕವಲ್ಲ. ಒಂದನೆಯ ಮನೆ ಲಗ್ನ. ಅದಕ್ಕೆ ಹಳೆಯ ಗ್ರಂಥಗಳಲ್ಲಿ ‘ಹೋರಾ’ ಎಂಬ ಹೆಸರೂ ಇದೆ. ಗ್ರೀಕರು ಅದನ್ನು ಹೊರೊಸ್ಕೊಪೊಸ್, ಅಂದರೆ ‘ಹೊತ್ತನ್ನು ನೋಡುವ ಬಿಂದು’ ಎಂದರು. ನಾಲ್ಕನೆಯದು ಹಿಬುಕ, ಗ್ರೀಕ್‌ನಲ್ಲಿ ಹುಪೊಗೆಯೊನ್, ನೆಲದ ಅಡಿಯದು. ಏಳನೆಯದು ಜಾಮಿತ್ರ; ಅಲ್ಲಿ ದಿಯಾಮೆತ್ರೊಸ್, ಅಡ್ಡಳತೆ. ಹತ್ತನೆಯದು ಮೇಷೂರಣ, ಅಲ್ಲಿ ಮೆಸೂರಾನೆಮಾ, ನಡುಬಾನು. ಈಗ ಆಕಾಶವನ್ನೇ ಎದುರಿಗಿಟ್ಟುಕೊಳ್ಳಿ. ಲಗ್ನ ಪೂರ್ವ ದಿಗಂತದಲ್ಲಿ ಏಳುತ್ತಿದೆ, ಹತ್ತನೆಯ ಮನೆ ನೆತ್ತಿಯ ಕಡೆಗಿದೆ, ಏಳನೆಯದು ಲಗ್ನಕ್ಕೆ ಸರಿಯಾಗಿ 180 ಡಿಗ್ರಿ ಎದುರು, ನಾಲ್ಕನೆಯದು ಕಾಲ ಕೆಳಗೆ. ಗ್ರೀಕ್ ಹೆಸರುಗಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತವೆ. ಸಂಸ್ಕೃತ ರೂಪಗಳನ್ನು ಒಡೆದರೆ ಈ ಅರ್ಥ ಹುಟ್ಟುವುದಿಲ್ಲ. ಮೇಷೂರಣಕ್ಕೂ ಮೇಷಕ್ಕೂ ಯಾವ ನಂಟೂ ಇಲ್ಲ.

‘ದಿಯಾ’ ಹೇಗೆ ‘ಜಾ’ ಆಯಿತು ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಪ್ರಾಕೃತದಲ್ಲಿ ದ್ಯ ಎನ್ನುವುದು ಜ್ಜ ಆಗುತ್ತದೆ: ಅದ್ಯ ಅಜ್ಜ, ವಿದ್ಯಾ ವಿಜ್ಜಾ. ಹಳಗನ್ನಡದ ‘ಬಿಜ್ಜೆ’ ಕೂಡ ಆ ದಾರಿಯಲ್ಲೇ ಬಂದದ್ದು. ಮಿಥುನಕ್ಕೆ ಜ್ಯೋತಿಷದಲ್ಲಿರುವ ಇನ್ನೊಂದು ಹೆಸರು ಜಿತುಮ, ಗ್ರೀಕ್‌ನಲ್ಲಿ ದಿದುಮೊಯ್, ಅವಳಿಗಳು. ಅಲ್ಲೂ ಮೊದಲಿನ ‘ದಿ’ ‘ಜಿ’ ಆಗಿದೆ. ಒಂದೇ ಬದಲಾವಣೆ ಮತ್ತೆ ಮತ್ತೆ ಕಂಡಾಗ ವ್ಯುತ್ಪತ್ತಿಯನ್ನು ನಂಬಬಹುದು. ಅಂದಹಾಗೆ ಈ ಜಾಮಿತ್ರ ಕಾಳಿದಾಸನಲ್ಲೂ ಇದೆ. ಕುಮಾರಸಂಭವದ ಏಳನೆಯ ಸರ್ಗದ ಮೊದಲ ಶ್ಲೋಕದಲ್ಲಿ ಹಿಮವಂತ ಮಗಳ ಮದುವೆಗೆ ‘ಜಾಮಿತ್ರಗುಣಾನ್ವಿತ’ವಾದ ತಿಥಿಯನ್ನು ಆರಿಸುತ್ತಾನೆ. ಶಿವಪಾರ್ವತಿಯರ ಮುಹೂರ್ತದಲ್ಲೇ ಗ್ರೀಕ್ ಪದವೊಂದು ಸಲೀಸಾಗಿ ಕೂತಿದೆ.

ಇನ್ನು ಕೇಂದ್ರ. ಕೆಂತ್ರೊನ್ ಎಂದರೆ ಚುಚ್ಚುವ ಮೊನೆ. ಎತ್ತು ತಿವಿಯುವ ಮುಳ್ಳುಗೋಲಿಗೂ ಅದೇ ಹೆಸರು. ಕೈವಾರದ ಒಂದು ಮೊನೆಯನ್ನು ಊರಿ ಇನ್ನೊಂದನ್ನು ಸುತ್ತಿಸುತ್ತೇವಲ್ಲ, ಆ ಊರಿದ ಮೊನೆಯ ಗುರುತೇ ವೃತ್ತದ ನಡುಬಿಂದುವಾಯಿತು. ಇಂದಿನ ಗ್ರೀಕರ ಉಚ್ಚಾರ ‘ಕೆಂದ್ರೊ’, ನಮ್ಮದಕ್ಕೆ ಇನ್ನೂ ಹತ್ತಿರ. ಜಾತಕ ಕಲಿಯುವವರು ಗೊಂದಲಕ್ಕೆ ಬೀಳುವುದೂ ಇಲ್ಲೇ: 1, 4, 7, 10 ಅಂಚಿನ ಮನೆಗಳು, ಅವನ್ನು ಕೇಂದ್ರ ಅನ್ನುವುದೇಕೆ? ಗ್ರೀಕ್ ಜ್ಯೋತಿಷದಲ್ಲಿ ಕೆಂತ್ರೊನ್ ಎಂದರೆ ಈ ನಾಲ್ಕು ಆಧಾರಬಿಂದುಗಳೇ, ಮಧ್ಯ ಎಂಬ ಅರ್ಥವನ್ನು ಅಲ್ಲಿ ಹುಡುಕಬಾರದು. ಕೇಂದ್ರದ ಹಿಂದೆ ಏಳುವ 2, 5, 8, 11 ಪಣಪರ (ಎಪಾನಫೊರಾ, ಹಿಂದೆಯೇ ಮೇಲೇಳುವುದು). ಕೇಂದ್ರವನ್ನು ದಾಟಿ ಜಾರಿದ 3, 6, 9, 12 ಆಪೋಕ್ಲಿಮ (ಅಪೊಕ್ಲಿಮಾ, ಜಾರುವಿಕೆ).

ಹೋರಾ ವಿಷಯದಲ್ಲಿ ಪೈಪೋಟಿಗೆ ಒಂದು ದೇಶೀ ವ್ಯುತ್ಪತ್ತಿ ಇದೆ. ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ‘ಹೋರಾ’ ಎಂದು ಈಗಲೂ ಅನೇಕರು ಹೇಳುತ್ತಾರೆ. ಇದು ವರಾಹಮಿಹಿರನ ಜಾತಕಗ್ರಂಥವಾದ ಬೃಹಜ್ಜಾತಕದಲ್ಲೇ ಇದೆ, ಆದರೆ ಅವನ ಮಾತು ‘ಏಕೇ ವಾಂಛಂತಿ’, ಕೆಲವರು ಹಾಗೆ ಬಯಸುತ್ತಾರೆ ಎಂದು. ಒಂದು ಪದದ ತಲೆ ಬಾಲ ಎರಡನ್ನೂ ಕತ್ತರಿಸಿ ಹೊಸ ಪದ ಮಾಡುವ ರೂಢಿ ಸಂಸ್ಕೃತದಲ್ಲಿಲ್ಲ. ಗ್ರೀಕ್ ‘ಹೋರಾ’ಕ್ಕೆ ಋತು, ಹೊತ್ತು, ದಿನದ ಒಂದು ಪಾಲು ಎಂಬ ಅರ್ಥಗಳಿವೆ. ಇಂಗ್ಲಿಷಿನ ಅವರ್ ಲ್ಯಾಟಿನ್, ಫ್ರೆಂಚ್ ದಾಟಿ ಬಂದ ಅದೇ ಪದ. ಹೊರೊಸ್ಕೋಪ್‌ನಲ್ಲಿರುವ ‘ಸ್ಕೋಪ್’ ಸ್ಟೆತೊಸ್ಕೋಪ್‌ನಲ್ಲಿರುವುದೇ.

ವಾರದ ಕ್ರಮವೂ ಹೋರೆಯಿಂದಲೇ ಬಂದದ್ದು. ದಿನದ 24 ಪಾಲುಗಳಲ್ಲಿ ಒಂದೊಂದೂ ಒಂದು ಹೋರೆ, ಒಂದೊಂದಕ್ಕೂ ಒಂದು ಗ್ರಹ ಒಡೆಯ; ಮೊದಲ ಹೋರೆಯ ಒಡೆಯನ ಹೆಸರೇ ಆ ದಿನಕ್ಕೆ. ನಿಧಾನ ಗತಿಯಿಂದ ವೇಗಕ್ಕೆ ಗ್ರಹಗಳನ್ನು ಜೋಡಿಸಿ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಭಾನುವಾರದ ಮೊದಲ ಹೋರೆ ರವಿಯದು, ಎರಡನೆಯದು ಶುಕ್ರನದು, ಹೀಗೇ ಎಣಿಸುತ್ತಾ ಹೋದರೆ 8, 15, 22ನೆಯವು ಮತ್ತೆ ರವಿಗೆ ಬರುತ್ತವೆ. 23 ಶುಕ್ರ, 24 ಬುಧ. ಮರುದಿನದ ಮೊದಲ ಹೋರೆ ಚಂದ್ರನಿಗೆ, ಆದ್ದರಿಂದ ಸೋಮವಾರ. ಹೋರಾ ನೋಡುವವರು ಮಾಡುವ ಸಾಮಾನ್ಯ ತಪ್ಪು ಬೆಳಗಿನ 6 ಗಂಟೆಯಿಂದ ಎಣಿಸುವುದು. ಎಣಿಕೆ ಸೂರ್ಯೋದಯದಿಂದ. ಬೆಂಗಳೂರಿನಲ್ಲಿ ಜನವರಿಯ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಅಲ್ಲಿಗೆ ಮುಕ್ಕಾಲು ಗಂಟೆ ತಪ್ಪುತ್ತದೆ. ಜಾತಕದಲ್ಲಿ ‘ಹೋರಾ’ ಎಂದರೆ ರಾಶಿಯ ಅರ್ಧ, 15 ಡಿಗ್ರಿ ಕೂಡ, ಎರಡನ್ನೂ ಕಲಸಬಾರದು. ರಾಶಿಯನ್ನು ಹತ್ತು ಹತ್ತು ಡಿಗ್ರಿಯ ಮೂರು ಪಾಲು ಮಾಡಿದರೆ ದ್ರೇಕ್ಕಾಣ, ಗ್ರೀಕ್‌ನ ದೆಕನೊಸ್.

ಕೇಮದ್ರುಮ ಯೋಗ ಎಂದು ಸಾಫ್ಟ್‌ವೇರ್ ಜಾತಕ ಮುದ್ರಿಸಿಕೊಟ್ಟರೆ ಗಾಬರಿಯಾಗುವವರಿದ್ದಾರೆ. ಅದರಲ್ಲಿ ದ್ರುಮವೂ ಇಲ್ಲ, ಮರವೂ ಇಲ್ಲ. ಕೆನೊದ್ರೊಮಿಯಾ ಎಂದರೆ ಖಾಲಿ ಜಾಗದಲ್ಲಿ ಓಟ: ಚಂದ್ರನ ಹಿಂದುಮುಂದಿನ ಮನೆಗಳಲ್ಲಿ ಗ್ರಹವಿಲ್ಲ, ಅಷ್ಟೆ. ಎರಡೂ ಕಡೆ ಗ್ರಹವಿದ್ದರೆ ದುರುಧರಾ. ಅದು ದೊರುಫೊರಿಯಾ, ಭರ್ಜಿ ಹಿಡಿದ ಅಂಗರಕ್ಷಕರ ಕಾವಲು.

ಹಾಗೆಂದು ಪಂಚಾಂಗವೆಲ್ಲ ಗ್ರೀಕರದು ಎಂದರೆ ಅದೂ ತಪ್ಪು. ನಕ್ಷತ್ರ, ತಿಥಿ ನಮ್ಮವೇ. ರಾಶಿಗಳಿಗೆ ಎರಡು ಪಟ್ಟಿಗಳಿದ್ದವು: ಕ್ರಿಯ, ತಾವುರಿ, ಪಾಥೋನ, ಜೂಕ ಎಂಬ ಎರವಲು ಪಟ್ಟಿ, ಮೇಷ, ವೃಷಭ, ಕನ್ಯಾ, ತುಲಾ ಎಂಬ ಅನುವಾದದ ಪಟ್ಟಿ. ಗೆದ್ದದ್ದು ಎರಡನೆಯದು. ತಿಳಿವಳಿಕೆ ಎಲ್ಲಿಂದ ಬಂತೆಂದು ಒಪ್ಪಿಕೊಳ್ಳಲು ಆ ಕಾಲದವರಿಗೆ ಸಂಕೋಚವಿರಲಿಲ್ಲ. ಯವನರು (ಗ್ರೀಕರು) ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಋಷಿಗಳಂತೆ ಪೂಜ್ಯರು ಎಂದು 6ನೆಯ ಶತಮಾನದ ಬೃಹತ್ಸಂಹಿತೆ ನೇರವಾಗಿಯೇ ಹೇಳುತ್ತದೆ.

ಜ್ಯೋತಿಷದ ಹೊರಗೂ ಒಂದೆರಡು ಸಿಗುತ್ತವೆ. ಕಾಸರಗೋಡು, ದಕ್ಷಿಣ ಕನ್ನಡದಲ್ಲಿ ಮುರಕಲ್ಲಿನ ಗುಡ್ಡ ಕೊರೆದು ತೋಟಕ್ಕೆ ನೀರು ತರುವ ‘ಸುರಂಗ’ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಸುರುಂಗಾ’; ಅದರ ಮೂಲ ಸೂರಿಂಕ್ಸ್, ಕೊಳವೆ. ಸಿರಿಂಜ್ ಕೂಡ ಅದರಿಂದಲೇ. ಶಾಸನಗಳ ದ್ರಮ್ಮ ನಾಣ್ಯ ಗ್ರೀಕರ ದ್ರಾಖ್ಮೆ, ದುಬೈನ ದಿರ್ಹಮ್ ಅದೇ ಪದದ ಅರಬ್ಬಿ ರೂಪ.